ಒಂದು ಎಫ್ ಕಮ್ಮಿ

ಕಲಬುರಗಿಯ ಗಂಜಿನಲ್ಲಿ ದಾಲ್ ಮಿಲ್ಲಿನ ಮಾಳಿಗೆ ಮೇಲೆ
ರಾತ್ರಿ ಎಂಟಕ್ಕೆ ನಮ್ಮ ಇಂಗ್ಲಿಷ್ ಕ್ಲಾಸು.
ಕೆಳಗೆ ಮಷೀನು ತೊಗರಿಯ ಹೊಟ್ಟು ಬಿಡಿಸುತ್ತಿರುತ್ತದೆ,
ಮೇಲೆ ಶಹಾಬಾದಿ ಫರಸಿ ಸಣ್ಣಗೆ ನಡುಗುತ್ತದೆ,
ಅದರ ಮೇಲೆ ಕೂತು ಓದುವವರ ದನಿಯೂ.

ಬಂದವರು ಏಳು ಮಂದಿ.
ರೆಪ್ಪೆಯ ಮೇಲೆ ಇನ್ನೂ ಹಳದಿ ಧೂಳು.
ಪುಸ್ತಕದ ವಾಕ್ಯ ಬೋರ್ಡಿಗೆ ಬರೆದೆ:
ಒನ್ ಪರ್ಸನ್ ಕ್ಯಾನ್ ಮೇಕ್ ಎ ಡಿಫರೆನ್ಸ್.
ಪಕ್ಕದ ಚಿತ್ರದಲ್ಲಿ ಹುಡುಗನೊಬ್ಬ
ಸಸಿಗೆ ನೀರು ಹಾಕುತ್ತಿದ್ದಾನೆ.
ಅವನ ಬೂಟಿಗೆ ಒಂದು ಹನಿ ಕೆಸರಿಲ್ಲ.

ಈಗ ನಿಮ್ಮ ನಿಮ್ಮ ವಾಕ್ಯ ಬರೀರಿ, ಎಂದೆ.

ಕಸ್ತೂರಬಾಯಿ ಕೈ ಎತ್ತಿದಳು.
"ಡಿಫರೆನ್ಸ್ ಅಂದ್ರ ಫರಕ್ ಹೌದಲ್ರಿ?"
ಹೌದು.
"ಮೇಕ್ ಅಂದ್ರ ಮಾಡು?"
ಹೌದು.
"ಫರಕ್ ಮಾಡೋರು ನಮ್ಮ ಓಣ್ಯಾಗ ಮನಿಗೊಬ್ಬರು ಅದಾರ.
ಅದಕ್ಕ ಇಷ್ಟು ಚಂದ ಚಿತ್ರ ಯಾಕ ಹಾಕ್ಯಾರ್ರೀ ಮೇಡಂ?"

ನಾನು ಬಾಯಿ ತೆರೆಯುವುದರೊಳಗೆ
ಧೂಳಪ್ಪ ಎದ್ದು ನಿಂತ, ಶಾಲೆ ಹುಡುಗನ ಹಾಗೆ ಕೈ ಕಟ್ಟಿ:
ಅವರ್ ವಿಲೇಜ್ ಹೋಟೆಲ್ ಮೇಕ್ಸ್ ಎ ಡಿಫರೆನ್ಸ್.
ಮೈ ಗ್ಲಾಸ್ ಈಸ್ ಔಟ್‌ಸೈಡ್.
ಮೇಕ್ ಮುಂದೆ ಎಸ್ ಹಚ್ಚುವುದನ್ನು ಮರೆತಿರಲಿಲ್ಲ.

ಜರೀನಾ ಕೂತಲ್ಲೇ ಓದಿದಳು.
ಅದೇ ಚೀಲ, ಅದೇ ಬಿಸಿಲು, ಸಂಜೆಗೆ
ಗಂಡಸಿನ ಕೂಲಿಗೂ ಅವಳ ಕೂಲಿಗೂ ನಡುವೆ
ಸಾವಕಾರರು ಮೇಕ್ ಮಾಡುವುದು ಎಂಬತ್ತು ರೂಪಾಯಿ.
ಹಮಾಲ ಮಲ್ಕಪ್ಪನದು ತೂಕದ ಕಾಟಾ,
ಕ್ವಿಂಟಲ್ಲಿಗೆ ಎರಡು ಕಿಲೋ.
ಓದಿ ತಾನೇ ಮೊದಲು ನಕ್ಕ.

ಕೈಯಲ್ಲಿ ಕೆಂಪು ಪೆನ್ನು. ವ್ಯಾಕರಣ ಎಲ್ಲ ಸರಿ.
ಅರ್ಥ ಮಾತ್ರ ತಪ್ಪು ಅನ್ನಬೇಕು ನಾನು.
ಇದು ಒಳ್ಳೆಯದಕ್ಕೆ ಆಡುವ ಮಾತು, ಎಂದೆ,
ಬದಲಾವಣೆ ತರೋದು, ಒಬ್ಬರ ಬಾಳಿನಲ್ಲಿ ಬೆಳಕು...
ಹೊಟ್ಟಿನ ಹಾಗೆ ಹಾರಿಹೋಯಿತು ನನ್ನ ಮಾತು.

"ಹಂಗಿದ್ರ ನಮ್ಮ ಕಡಿ ಅದು ಬೀಳ್ತದ್ರಿ," ಎಂದ ಮಲ್ಕಪ್ಪ.
"ಏನ್ ಫರಕ್ ಬೀಳ್ತದ ಅಂತೀವಲ್ಲ,
ಬಿಸಿಲು ಬಿದ್ದಂಗ, ಹಳಿ ಗ್ವಾಡಿ ಬಿದ್ದಂಗ.
ಇಂಗ್ಲಿಷಿನ್ಯಾಗ ಯಾರರೇ ಒಬ್ರು ನಿಂತು
ಅದನ್ನ ಮಾಡಬೇಕಾಗ್ತದೇನ್ರಿ?"

ಹದಿನೆಂಟು ವರ್ಷ ಕಲಿಸಿದ್ದೇನೆ.
ಈ ಪ್ರಶ್ನೆ ಯಾವ ಗೈಡಿನಲ್ಲೂ ಇರಲಿಲ್ಲ.

ಗೋಡೆಗೆ ಆತು ಕೂತಿದ್ದ ಜಗದೇವಿ ಓದಲೇ ಇಲ್ಲ.
ನೋಟ್‌ಬುಕ್ಕು ನನ್ನ ಕಡೆ ಸರಿಸಿದಳು.
ಒಂದೇ ಸಾಲು, ಒತ್ತಿ ಒತ್ತಿ ಬರೆದದ್ದು,
ಹಿಂದಿನ ಹಾಳೆಯಲ್ಲೂ ಉಬ್ಬಿತ್ತು:
ಐ ಮೇಕ್ ನೋ ಡಿಫರೆನ್ಸ್.

ಎದೆ ಧಸಕ್ಕೆಂದಿತು.
ನಾನಿದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ
ಎಂದು ಓದಿಕೊಂಡಿತು ನನ್ನ ಇಂಗ್ಲಿಷು.
ಯಾಕವ್ವಾ ಹಿಂಗ ಬರದಿ?

"ಮನಿಗಿ ಅರ್ಧ ಲೀಟರ್ ಹಾಲು ಬರ್ತದ್ರಿ.
ಎರಡು ಗಿಲಾಸು ಬಾಜೂಕ ಬಾಜೂಕ ಇಟ್ಟು
ಬಗ್ಗಿ, ಕಣ್ಣ ಹಚ್ಚಿ ನೋಡಿ ಹಾಕ್ತೀನಿ.
ಮಗಗೂ ಅಷ್ಟೇ, ಮಗಳಿಗೂ ಅಷ್ಟೇ.
ಅತ್ತಿ ಬೈತಾಳ. ಬೈಲಿ.
ಐ ಮೇಕ್ ನೋ ಡಿಫರೆನ್ಸ್."

ಕೆಳಗೆ ಯಾರೋ ಮಷೀನು ಬಂದ್ ಮಾಡಿದರು.
ಫರಸಿಯ ನಡುಕ ನಿಂತದ್ದು
ಅಂಗಾಲಿಗೆ ತಡವಾಗಿ ತಿಳಿಯಿತು.

ಪೆನ್ನಿನ ಟೊಪ್ಪಿಗೆ ತೆಗೆದೆ. ಮತ್ತೆ ಹಾಕಿದೆ.
"ತಪ್ಪದ ಏನ್ರಿ?"
"ಇಲ್ಲವ್ವಾ. ಸ್ಪೆಲ್ಲಿಂಗಿನ್ಯಾಗ
ಒಂದು ಎಫ್ ಕಮ್ಮಿ ಬಿದ್ದದ."

ಜಾಗವಿರಲಿಲ್ಲ. ಇದ್ದ ಎಫ್ಫಿನ ಮಗ್ಗುಲಿಗೇ
ಇನ್ನೊಂದನ್ನು ಹೇಗೋ ನಿಲ್ಲಿಸಿದಳು,
ಆಮೇಲೆ ಎರಡೂ ಒಂದೇ ಎತ್ತರ ಬಂದವೋ ಇಲ್ಲವೋ ಎಂದು
ಬಗ್ಗಿ, ಕಣ್ಣು ಹಚ್ಚಿ ನೋಡಿದಳು.